ಕಾಲ್ ನಂಬರ್‌ನಿಂದ ಡಿಒಐವರೆಗೆ: ಗ್ರಂಥಾಲಯದ ಪದಗಳನ್ನು ಅರಿಯುವ ಬಗೆ

ಪುಸ್ತಕ ಕ್ಯಾಟಲಾಗ್‌ನಲ್ಲಿ, ಅಂದರೆ ಗ್ರಂಥಾಲಯದ ಪಟ್ಟಿಯಲ್ಲಿ ಇದೆ, ಕಪಾಟಿನಲ್ಲಿ ಇಲ್ಲ. ಹೀಗಾದಾಗ ಮೊದಲು ಕಾಲ್ ನಂಬರನ್ನು ಸರಿಯಾಗಿ ಓದಿದ್ದೀರಾ ನೋಡಿ. ಅದು ಪುಸ್ತಕದ ಬೆನ್ನಿನ ಮೇಲಿರುವ ವಿಳಾಸ. ಪುಸ್ತಕಗಳನ್ನು ವಿಷಯವಾರು ಅಂಕಿ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ 512 ಎಂದರೆ ಬೀಜಗಣಿತ. ಅಲ್ಲಿ 512.25 ಮೊದಲು, 512.3 ಆಮೇಲೆ. ಚುಕ್ಕಿಯ ನಂತರದ ಅಂಕಿಗಳನ್ನು ಒಂದೊಂದಾಗಿ ಹೋಲಿಸಬೇಕು. ಇಪ್ಪತ್ತೈದು ಮೂರಕ್ಕಿಂತ ದೊಡ್ಡದು ಎಂದುಕೊಂಡರೆ ತಪ್ಪು ಸಾಲಿನಲ್ಲೇ ಹುಡುಕುತ್ತೀರಿ. ಸಂಖ್ಯೆಯ ಕೆಳಗಿನ ಅಕ್ಷರಗಳು ಸಾಮಾನ್ಯವಾಗಿ ಲೇಖಕರ ಹೆಸರಿನವು. ‘ರೆಫರೆನ್ಸ್’ ಎಂಬ ಚೀಟಿಯಿದ್ದರೆ ಸಾಮಾನ್ಯವಾಗಿ ಅಲ್ಲೇ ಕೂತು ಓದಬೇಕು.

ಸಂಶೋಧನಾ ಲೇಖನಗಳಿಗೆ ಕ್ಯಾಟಲಾಗ್ ಸಾಲದು, ಡೇಟಾಬೇಸ್, ಅಂದರೆ ಲೇಖನಗಳನ್ನು ಹುಡುಕುವ ಗಣಕೀಕೃತ ಸಂಗ್ರಹ ಬೇಕು. ಅಲ್ಲಿ ಇಡೀ ಪ್ರಶ್ನೆ ಟೈಪ್ ಮಾಡಬೇಡಿ. ಎರಡು ಮೂರು ಮುಖ್ಯಪದ ಸಾಕು. ಅವುಗಳ ನಡುವೆ ‘ಆ್ಯಂಡ್’ (AND) ಹಾಕಿದರೆ ಫಲಿತಾಂಶ ಕಡಿಮೆಯಾಗುತ್ತದೆ, ‘ಆರ್’ (OR) ಹಾಕಿದರೆ ಹೆಚ್ಚುತ್ತದೆ. ಸಮಾನಾರ್ಥಕ ಪದಗಳಿಗೆ ‘ಆರ್’ ಬಳಸಿ.

ಸಿಕ್ಕ ಲೇಖನದ ಸಾರಾಂಶ ಓದಿ, ಬೇಕೋ ಬೇಡವೋ ತೀರ್ಮಾನಿಸಿ. ಆದರೆ ಸಾರಾಂಶವನ್ನಷ್ಟೇ ಓದಿ ಉಲ್ಲೇಖಿಸಬೇಡಿ; ಸಂಶೋಧನೆಯ ಮಿತಿಗಳು ಒಳಗಿನ ಪುಟಗಳಲ್ಲಿರುತ್ತವೆ. ‘ಪೀರ್ ರಿವ್ಯೂ’ ಆಗಿದೆ ಎಂದರೆ ಅದೇ ಕ್ಷೇತ್ರದ ತಜ್ಞರು ಪ್ರಕಟಣೆಗೆ ಮುನ್ನ ಪರಿಶೀಲಿಸಿದ್ದಾರೆ ಎಂದರ್ಥ, ಎಲ್ಲವೂ ಸರಿ ಎಂದಲ್ಲ.

ಲೇಖನದ ಕಾಯಂ ಗುರುತಾದ, ‘10.’ ಎಂದು ಶುರುವಾಗುವ ಡಿಒಐ (DOI) ಸಂಖ್ಯೆಯನ್ನು ಓದುವಾಗಲೇ ಬರೆದಿಟ್ಟುಕೊಳ್ಳಿ. ವೆಬ್ ವಿಳಾಸ ಬದಲಾಗಬಹುದು, ಡಿಒಐ ಬದಲಾಗದು. ಪುಟಸಂಖ್ಯೆಯನ್ನೂ ಜೊತೆಗೇ ಗುರುತು ಹಾಕಿ. ಬರಹ ಸಲ್ಲಿಸುವ ಹಿಂದಿನ ರಾತ್ರಿ ಇವನ್ನು ಹುಡುಕುವುದು ನಿಜಕ್ಕೂ ಕಷ್ಟ.