ಆಮೆನ್ ಎಂದ ಕೂಡಲೇ ಎದ್ದುಬಿಡಬೇಡಿ

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಕ್ರಿಯಾಪದ ಬೇಡುವುದಕ್ಕೂ ಆಲಿಸುವುದಕ್ಕೂ ಸಲ್ಲುತ್ತದೆ. ಬೀದರ ಜಿಲ್ಲೆಯ ಹಳ್ಳಿಗಳಲ್ಲಿ ಮನೆ ಪ್ರಾರ್ಥನಾ ಕೂಟಗಳನ್ನು ನಡೆಸುತ್ತಾ ಬಂದಿರುವ ನನಗೆ, ನಾವು ಮೊದಲನೆಯ ಅರ್ಥದಲ್ಲಿಯೇ ನಿಂತುಬಿಟ್ಟಿದ್ದೇವೆ ಎಂಬುದು ವಾರವಾರವೂ ಕಾಣುತ್ತದೆ. ಮಗಳ ಮದುವೆ, ತೊಗರಿಯ ದರ, ಹೈದರಾಬಾದಿಗೆ ದುಡಿಯಲು ಹೋದ ಮಗನ ಕ್ಷೇಮ, ಎಲ್ಲವನ್ನೂ ದೇವರ ಮುಂದಿಟ್ಟು ‘ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್’ ಎಂದವರು ಮರುಕ್ಷಣವೇ ಎದ್ದು ಜಮಖಾನೆ ಮಡಚುತ್ತಾರೆ. ಇನ್ನು ಕೆಲವರು ಮನಸ್ಸಿಗೆ ಹೊಳೆದದ್ದನ್ನೆಲ್ಲ ‘ದೇವರು ನನಗೆ ಹೇಳಿದರು’ ಎಂದು ಸಾಕ್ಷಿ ಹೇಳಿಬಿಡುತ್ತಾರೆ. ಈ ಎರಡನೆಯದರಿಂದಾಗುವ ಹಾನಿಯನ್ನು ಕಣ್ಣಾರೆ ಕಂಡಿದ್ದರಿಂದಲೇ, ಪ್ರಾರ್ಥನೆಯಲ್ಲಿ ದೇವರ ಸ್ವರವನ್ನು ಆಲಿಸುವ ಬಗೆಯನ್ನು ಐದು ಹಂತಗಳಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೊತ್ತು ಮತ್ತು ಜಾಗ. ಬೆಳಗಿನ ಜಾವ ಅರ್ಧ ಗಂಟೆ ತೆಗೆದಿಡಿ, ಮೊಬೈಲನ್ನು ಬೇರೆ ಕೋಣೆಯಲ್ಲಿಡಿ, ಹಾಸಿಗೆಯನ್ನು ಬಿಟ್ಟು ಕುರ್ಚಿಯಲ್ಲಿ ಕುಳಿತುಕೊಳ್ಳಿ. ಯೇಸು ಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳದಲ್ಲಿ ಪ್ರಾರ್ಥಿಸಿದರೆಂದು ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯ ಹೇಳುತ್ತದೆ. ನಮ್ಮ ಭಾಗದ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ತಂಪು ಉಳಿದಿರುವುದೂ ಆ ಹೊತ್ತಿನಲ್ಲಿ ಮಾತ್ರ.

ಎರಡನೆಯದು ಓದು. 12ನೇ ಶತಮಾನದ ಕ್ರೈಸ್ತ ಸನ್ಯಾಸಿ ಎರಡನೇ ಗೀಗೊ ದೇವರ ಬಳಿಗೆ ಏರುವ ದಾರಿಯನ್ನು ನಾಲ್ಕು ಮೆಟ್ಟಿಲುಗಳ ಏಣಿಯೆಂದು ವಿವರಿಸಿದರು: ಓದು, ಮನನ, ಪ್ರಾರ್ಥನೆ, ಕೊನೆಗೆ ದೇವರ ಸನ್ನಿಧಿಯಲ್ಲಿ ಸುಮ್ಮನಿರುವುದು. ಸತ್ಯವೇದದ (ಬೈಬಲಿನ) ಆರರಿಂದ ಹತ್ತು ವಚನಗಳು ಸಾಕು. ಮೂರು ಸಲ, ಬಾಯಿಬಿಟ್ಟು, ನಿಧಾನವಾಗಿ ಓದಿ, ಮನಸ್ಸು ತಡೆದು ನಿಂತ ಮಾತಿನಲ್ಲಿ ನೀವೂ ನಿಲ್ಲಿ. ಕಣ್ಣು ಮುಚ್ಚಿ ಸತ್ಯವೇದವನ್ನು ತೆರೆದು ಬೆರಳಿಟ್ಟಲ್ಲಿ ಸಿಕ್ಕ ವಚನವನ್ನೇ ಅಂದಿನ ಅಪ್ಪಣೆ ಎನ್ನುವ ಅಡ್ಡದಾರಿಯನ್ನು ದಯವಿಟ್ಟು ಬಿಡಿ. ಹೊಸ ವರ್ಷದ ರಾತ್ರಿ ಬುಟ್ಟಿಯಿಂದ ಎತ್ತುವ ವಾಗ್ದಾನದ ಕಾರ್ಡುಗಳೂ ಇದಕ್ಕೆ ಬದಲಿಯಾಗಲಾರವು, ಏಕೆಂದರೆ ಅವುಗಳಲ್ಲಿ ಆಶೀರ್ವಾದದ ವಚನಗಳನ್ನು ಮಾತ್ರ ಆಯ್ದು ಅಚ್ಚು ಹಾಕಿರುತ್ತಾರೆ; ಗದರಿಸುವ ವಚನವಿದ್ದ ಒಂದು ಕಾರ್ಡನ್ನೂ ನಾನು ಇಂದಿನವರೆಗೆ ಕಂಡಿಲ್ಲ. ‘ನನ್ನ ಕುರಿಗಳು ನನ್ನ ಸ್ವರವನ್ನು ಕೇಳುತ್ತವೆ’ ಎಂದ ಯೇಸುವಿನ ಮಾತನ್ನು ಯಾದಗಿರಿ ಕಡೆಯ ಕುರಿಗಾರರು ಸುಲಭವಾಗಿ ಅರ್ಥಮಾಡಿಕೊಳ್ಳುತ್ತಾರೆ. ನೀರಿನ ಬಳಿ ಎರಡು ಹಿಂಡುಗಳು ಬೆರೆತರೂ, ತಮ್ಮವನ ಕೂಗು ಕಿವಿಗೆ ಬಿದ್ದೊಡನೆ ಕುರಿಗಳು ತಾವಾಗಿಯೇ ಬೇರೆಯಾಗುತ್ತವೆ. ಆ ಗುರುತು ದಿನವೂ ಅವನ ಹಿಂದೆಯೇ ನಡೆದುದರಿಂದ ಬಂದದ್ದು.

ಮೂರನೆಯದು ಮೌನ, ಹತ್ತು ನಿಮಿಷದಿಂದ ಆರಂಭಿಸಿ. ಸಿಲಿಂಡರ್ ಬುಕ್ ಮಾಡಬೇಕೆಂಬುದು ನೆನಪಾದರೆ ಪಕ್ಕದ ಹಾಳೆಯಲ್ಲಿ ಗುರುತು ಹಾಕಿ ಮರಳಿ ವಚನಕ್ಕೆ ಬನ್ನಿ. ಸಂಗೀತ ಹಾಕಬೇಡಿ, ಅದು ಎಬ್ಬಿಸುವ ಭಾವವನ್ನೇ ಜನ ಪವಿತ್ರಾತ್ಮನ ಸ್ಪರ್ಶವೆಂದು ತಿಳಿಯುತ್ತಾರೆ. ಬೆಟ್ಟವನ್ನು ಸೀಳಿದ ಗಾಳಿಯಲ್ಲಿ, ಭೂಕಂಪದಲ್ಲಿ, ಬೆಂಕಿಯಲ್ಲಿ ಯೆಹೋವ ದೇವರು ಇರಲಿಲ್ಲ. ಸತ್ಯವೇದದ ಪ್ರವಾದಿ ಎಲೀಯನು ಮುಖಕ್ಕೆ ಕಂಬಳಿ ಮುಚ್ಚಿಕೊಂಡು ಗವಿಯ ಬಾಗಿಲಿಗೆ ಬಂದದ್ದು ಅವೆಲ್ಲ ಕಳೆದ ಮೇಲೆ ಕೇಳಿಸಿದ ಮೆಲುದನಿಗೆ.

ಜನ ಹೆಚ್ಚಾಗಿ ಎಡವುವುದು ನಾಲ್ಕನೆಯದಾದ, ಕೇಳಿಸಿದ್ದು ದೇವರ ಸ್ವರವೇ ಎಂಬ ಪರೀಕ್ಷೆಯಲ್ಲಿ. ದೇವರು ಕರೆದಾಗ ಸತ್ಯವೇದದ ಬಾಲಕ ಸಮುವೇಲನು ಮೂರು ಸಲವೂ ಯಾಜಕ ಏಲಿಯೇ ಕರೆದನೆಂದು ಎದ್ದು ಓಡಿದನು. ದೇವರ ಸ್ವರ ಅವನಿಗೆ ಮನುಷ್ಯರ ಸ್ವರದಂತೆಯೇ ಕೇಳಿಸಿತ್ತು. ನಮ್ಮ ಆಸೆಯ ಸ್ವರವೂ, ಭಯದ ಸ್ವರವೂ ದೇವರ ಸ್ವರದಂತೆಯೇ ಕೇಳಿಸಬಲ್ಲವು. ಆದ್ದರಿಂದ ನೂರು ಪುಟದ ನೋಟ್‌ಬುಕ್ಕೊಂದರಲ್ಲಿ ಹೊಳೆದದ್ದನ್ನು ತಾರೀಖು ಹಾಕಿ ಬರೆಯಿರಿ, ಅದರ ಕೆಳಗೆ ಹಿಂದಿನ ಎರಡು ದಿನಗಳಲ್ಲಿ ಯಾರನ್ನು ಕಂಡಿರಿ, ಯಾವುದಕ್ಕೆ ಆಸೆಪಟ್ಟಿರಿ, ಯಾವುದಕ್ಕೆ ನೊಂದಿರಿ ಎಂಬುದನ್ನೂ ಬರೆಯಿರಿ. ನಮ್ಮ ಕೂಟದ ಸಹೋದರರೊಬ್ಬರು ದೇವರ ಅಪ್ಪಣೆಯೆಂದು ಎರಡು ಎಕರೆ ಹೊಲ ಮಾರಿ ಅಂಗಡಿ ಇಟ್ಟರು. ಆ ಮಾತು ಅವರಿಗೆ ಕೇಳಿಸಿದ್ದು ತಮ್ಮನ ಅಂಗಡಿಯ ಆರಂಭಕ್ಕೆ ಹೋಗಿಬಂದ ಮರುದಿನವೆಂಬುದು ಹೊಲ ಕೈಬಿಟ್ಟ ಮೇಲೆ ನೆನಪಾಯಿತು. ಅಂದು ಕೂಟದಲ್ಲಿ ಅವರ ಸಾಕ್ಷಿಗೆ ‘ಸ್ತೋತ್ರ’ ಎಂದವರಲ್ಲಿ ನಾನೂ ಒಬ್ಬ. ಒಂದು ಪ್ರಶ್ನೆಯನ್ನೂ ಕೇಳದೆ ಹಾಗೆಂದದ್ದು ಇಂದಿಗೂ ನನ್ನನ್ನು ಕಾಡುತ್ತದೆ.

ಕೇಳಿಸಿದ್ದು ಸತ್ಯವೇದಕ್ಕೆ ವಿರುದ್ಧವಾಗಿದ್ದರೆ ಅಲ್ಲಿಗೇ ಕೈಬಿಡಿ. ಅದು ನಿಮ್ಮನ್ನು ಹೇಗೆ ಗದರಿಸುತ್ತದೆ ಎಂಬುದನ್ನೂ ಗಮನಿಸಿ: ದೇವರು ಪಾಪವನ್ನು ತೋರಿಸುವಾಗ ಇಂತಹ ದಿನ, ಇಂತಹವರಿಗೆ, ಇಂತಹ ಮಾತು ಆಡಿದೆ ಎಂದು ಬೆರಳಿಟ್ಟು ತೋರಿಸುತ್ತಾರೆ, ಹಿಂದಿರುಗುವ ದಾರಿಯನ್ನೂ ತೋರಿಸುತ್ತಾರೆ; ‘ನೀನು ಯಾವುದಕ್ಕೂ ಬಾರದವನು’ ಎಂದು ಕುಗ್ಗಿಸಿ ಕೈಬಿಡುವ ಸ್ವರ ಆತನದಲ್ಲ. ಮನಸ್ಸು ಕತ್ತಲಾಗಿರುವಾಗ ಮೊದಲಿನ ತೀರ್ಮಾನವನ್ನು ಬದಲಿಸಬಾರದೆಂದು 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲ ಕಟ್ಟುನಿಟ್ಟಾಗಿ ಬೋಧಿಸಿದರು. ಮನಸ್ಸು ಉಬ್ಬಿರುವಾಗಲೂ ಒಂದು ವಾರ ತಡೆಯಿರಿ ಎಂಬುದು ನನ್ನ ಮಾತು. ಅನಂತರ ನಿಮಗೆ ‘ಇಲ್ಲ’ ಎನ್ನಬಲ್ಲ ಒಬ್ಬರಿಗೆ, ಸಭಾಪಾಲಕರಿಗಾಗಲಿ ಹಿರಿಯರಿಗಾಗಲಿ, ಅದನ್ನು ಓದಿ ಹೇಳಿ. ಕಾಣಿಕೆ ಪಡೆದು ನಿಮ್ಮ ಪರವಾಗಿ ದೇವರ ಮಾತನ್ನು ಕೇಳಿಕೊಡುವವರ ಬಳಿ ಮಾತ್ರ ಹೋಗಬೇಡಿ. ಸ್ವರಗಳು ಹಗಲಿರುಳು ಬೆನ್ನು ಬಿಡದೆ, ನಿದ್ದೆ ಕೆಡಿಸಿ, ತಮಗಾಗಲಿ ಇತರರಿಗಾಗಲಿ ಕೇಡು ಮಾಡೆಂದು ಒತ್ತಾಯಿಸುತ್ತಿದ್ದರೆ, ಅಂಥವರನ್ನು ತಡಮಾಡದೆ ಮನೋವೈದ್ಯರ ಬಳಿಗೆ ಕರೆದೊಯ್ಯಿರಿ. ಅವರಿಗಾಗಿ ಮಾಡುವ ಪ್ರಾರ್ಥನೆಯೂ ಜೊತೆಯಲ್ಲಿ ಸಾಗಲಿ.

ಕೊನೆಯದು ವಿಧೇಯತೆ, ಅದು ಸಣ್ಣದರಿಂದಲೇ ಆರಂಭವಾಗಲಿ. ಓದು ಬಾರದ ಒಬ್ಬ ತಾಯಿಯವರು ಮೊಮ್ಮಗಳಿಂದ ವಚನ ಓದಿಸಿಕೊಂಡು, ಕಂಬಕ್ಕೆ ಒರಗಿ, ಸೆರಗನ್ನು ತಲೆಯ ಮೇಲೆ ಹೊದ್ದು ದಿನವೂ ಕುಳಿತುಕೊಳ್ಳುತ್ತಿದ್ದರು. ‘ತಂಗಿಯ ಮನೆಗೆ ಹೋಗು’ ಎಂಬ ಒಂದೇ ಮಾತು ನಾಲ್ಕು ದಿನ ಬಂದಿತೆಂದೂ, ಬೇರೆ ಏನಾದರೂ ಹೇಳಲೆಂದು ತಾವು ಕಾದದ್ದೇ ಬಂತೆಂದೂ ನನಗೆ ತಿಳಿಸಿದರು. ಆಸ್ತಿಯ ಜಗಳದಿಂದ ಅಕ್ಕತಂಗಿಯರು ವರ್ಷಗಳಿಂದ ಮಾತು ಬಿಟ್ಟಿದ್ದರು. ಪರೀಕ್ಷಿಸಿ ನೋಡಲು ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಮರುದಿನ ಬೆಳಿಗ್ಗೆ ಅವರು ನಾಲ್ಕು ಜೋಳದ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹುಮನಾಬಾದಿನ ಬಸ್ಸು ಹತ್ತಿದರು.