ಪರಿಚಯದವರ ಹತ್ತಿರ ದುಡ್ಡು ಕೇಳುವ ವಿದ್ಯೆ

ಬೆಂಗಳೂರಿನ ಕತ್ರಿಗುಪ್ಪೆಯ ನಮ್ಮ ಮನೆಯಲ್ಲಿ ದೇವರ ಕೋಣೆಗೂ ಫ್ರಿಜ್ಜಿಗೂ ನಡುವೆ ಒಂದು ಸಣ್ಣ ಮೇಜಿದೆ. ಅದೇ ನನ್ನ ಆಫೀಸು. ಮದುವೆಗೆ ಮುಂಚೆ ಆರು ವರ್ಷ ಒಂದು ಟ್ರಾವೆಲ್ಸ್‌ನಲ್ಲಿ ಟಿಕೆಟ್ ಕೌಂಟರ್ ನೋಡಿಕೊಳ್ಳುತ್ತಿದ್ದೆ. ಮಗ ಹೈಸ್ಕೂಲಿಗೆ ಹೋದ ಮೇಲೆ ಅದೇ ಕೆಲಸವನ್ನು ಮನೆಯಿಂದ ಶುರು ಮಾಡಿದೆ. ಬೋರ್ಡ್ ಇಲ್ಲ, ಬಾಡಿಗೆ ಇಲ್ಲ. ಒಂದು ಲ್ಯಾಪ್‌ಟಾಪು, ಒಂದು ಪ್ರಿಂಟರು, ವಾಟ್ಸಾಪ್‌ಗೆ ಅಂತ ಬೇರೆ ಸಿಮ್ಮು.

ಕಾಗದಪತ್ರಕ್ಕೆ ಜಾಸ್ತಿ ಹೆದರಬೇಕಿಲ್ಲ. ಸಣ್ಣ ಉದ್ಯಮಗಳಿಗೆ ಅಂತ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ. ಆಧಾರ್, ಪ್ಯಾನ್ ಇದ್ದರೆ ಆಯಿತು. ನಮ್ಮ ರಸ್ತೆಯ ಸೈಬರ್ ಸೆಂಟರಿನವನು ಅದಕ್ಕೇ ಸಾವಿರದ ಐನೂರು ಕೇಳಿದ್ದ! ಆ ಸರ್ಟಿಫಿಕೇಟ್ ತೋರಿಸಿ ಬ್ಯಾಂಕಿನಲ್ಲಿ ಕರೆಂಟ್ ಅಕೌಂಟ್ ತೆರೆದೆ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಪ್ಯಾಕೇಜ್ ಅಂತ ಇಡೀ ಮೊತ್ತಕ್ಕೆ ನಿಮ್ಮ ಹೆಸರಿನಲ್ಲಿ ಬಿಲ್ ಹಾಕಿದರೆ, ಹೋಟೆಲಿಗೂ ಗಾಡಿಗೂ ಹೋಗುವ ದುಡ್ಡೂ ನಿಮ್ಮ ವಹಿವಾಟಿನ ಲೆಕ್ಕಕ್ಕೇ ಬರುತ್ತದೆ. ಮೊದಲ ಬಿಲ್ ಬರೆಯುವ ಮುಂಚೆ ಒಬ್ಬ ಆಡಿಟರ್ ಹತ್ತಿರ ಅರ್ಧ ಗಂಟೆ ಕೂತು ಬನ್ನಿ.

ವಿಮಾನದ ಟಿಕೆಟಿಗೆ ನಾನು ಸಬ್ ಏಜೆಂಟ್ ಅಷ್ಟೆ. ದೊಡ್ಡ ಏಜೆನ್ಸಿಯ ಪೋರ್ಟಲ್‌ನಲ್ಲಿ ಲಾಗಿನ್ ತೆಗೆದುಕೊಂಡು, ವಾಲೆಟ್‌ಗೆ ಮುಂಗಡ ದುಡ್ಡು ತುಂಬಿ, ಅದರಿಂದ ಟಿಕೆಟ್ ಮಾಡುತ್ತೇನೆ. ನಾನು ಕೌಂಟರಿನಲ್ಲಿದ್ದಾಗ ವಿಮಾನ ಕಂಪನಿಗಳು ಕಮಿಷನ್ ಕೊಡುತ್ತಿದ್ದವು. ಅದು ಈಗ ಹೆಚ್ಚುಕಮ್ಮಿ ನಿಂತೇ ಹೋಗಿದೆ. ಹಾಗಾಗಿ ನಮ್ಮ ಸರ್ವಿಸ್ ಚಾರ್ಜನ್ನು ಗಿರಾಕಿಯ ಹತ್ತಿರವೇ ಬಾಯಿಬಿಟ್ಟು ಕೇಳಬೇಕು. ನಾನು ಒದ್ದಾಡಿದ್ದು ಇಲ್ಲೇ. ಮನೆಯಿಂದ ಶುರು ಮಾಡಿದವರಿಗೆ ಮೊದಲ ಗಿರಾಕಿಗಳು ಯಾರು ಹೇಳಿ? ಮೇಲಿನ ಮನೆಯ ಆಂಟಿ, ಯೋಗ ಕ್ಲಾಸಿನವರು, ಗಂಡನ ಸ್ನೇಹಿತರು, ನೆಂಟರು. ಸಂಕ್ರಾಂತಿಗೆ ಎಳ್ಳು ಬೀರಿದವರ ಹತ್ತಿರ ಇನ್ನೂರೈವತ್ತು ರೂಪಾಯಿ ಹೇಗೆ ಕೇಳೋದು?

ಮೊದಲ ಮೂರು ತಿಂಗಳು ಕೇಳಲೇ ಇಲ್ಲ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಒಂದು ಶುಕ್ರವಾರ ರಾತ್ರಿ ನಮ್ಮವರ ಸ್ನೇಹಿತರೊಬ್ಬರು ಫೋನ್ ಮಾಡಿ, ‘ಅಕ್ಕಾ, ವಾರಾಣಸಿಗೆ ನಾಲ್ಕು ಟಿಕೆಟ್ ಹಾಕಿಬಿಡಿ, ಬೆಳಿಗ್ಗೆ ದುಡ್ಡು ಕಳಿಸ್ತೀನಿ’ ಅಂದರು. ನನ್ನ ವಾಲೆಟ್ ದುಡ್ಡಿನಲ್ಲೇ ಹಾಕಿದೆ. ಬೆಳಿಗ್ಗೆ ಅವರ ಅತ್ತೆಗೆ ಹುಷಾರಿಲ್ಲ, ಪ್ರಯಾಣ ಕ್ಯಾನ್ಸಲ್. ಕ್ಯಾನ್ಸಲೇಷನ್ ಅಂತ ವಿಮಾನ ಕಂಪನಿಯವರು ಹದಿನಾಲ್ಕು ಸಾವಿರ ಮುರಿದುಕೊಂಡರು. ‘ನೀವು ಏಜೆಂಟ್ ಅಲ್ವಾ ಅಕ್ಕಾ, ಹೇಗಾದ್ರೂ ಅಡ್ಜಸ್ಟ್ ಆಗುತ್ತೆ ಬಿಡಿ’ ಅಂದರು ಆ ಸ್ನೇಹಿತರು. ಆಗಲಿಲ್ಲ. ಆ ದುಡ್ಡು ನನ್ನ ಕೈಯಿಂದಲೇ ಹೋಯಿತು. ನಮ್ಮವರು ಎರಡು ದಿನ ನನ್ನ ಮುಖ ನೋಡಲಿಲ್ಲ. ಸ್ನೇಹಿತ ಅವರವನಲ್ಲವೇ!

ಅವತ್ತಿನಿಂದ ದುಡ್ಡು ಖಾತೆಗೆ ಬಂದ ಮೇಲೇ ಟಿಕೆಟ್. ಬಾಯಲ್ಲಿ ಹೇಳಲು ಮುಜುಗರ ಆಗುತ್ತಿದ್ದುದರಿಂದ ಒಂದು ಎಸ್ಟಿಮೇಟ್ ನಮೂನೆ ಮಾಡಿಟ್ಟೆ. ಟಿಕೆಟ್ ದರ ಒಂದು ಸಾಲು, ಕ್ಯಾನ್ಸಲ್ ಮಾಡಿದರೆ ಎಷ್ಟು ಕಳೆಯುತ್ತಾರೆ ಅಂತ ಒಂದು ಸಾಲು, ನನ್ನ ಸರ್ವಿಸ್ ಚಾರ್ಜ್ ಒಂದು ಸಾಲು. ಎಲ್ಲರಿಗೂ ಅದೇ ಕಾಗದ. ಬಾಯಿಗಿಂತ ಕಾಗದಕ್ಕೆ ಧೈರ್ಯ ಜಾಸ್ತಿ. ಕೆಲವರು ‘ಆ್ಯಪಿನಲ್ಲಿ ಇನ್ನೂ ಕಮ್ಮಿ ತೋರಿಸುತ್ತೆ’ ಅನ್ನುತ್ತಾರೆ. ಹಾಗಿದ್ದರೆ ಅಲ್ಲೇ ಮಾಡಿಕೊಳ್ಳಿ ಅಂತ ನಗುನಗುತ್ತಲೇ ಹೇಳುತ್ತೇನೆ.

ರೈಲಿನ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ಸ್ವಂತ ಐಆರ್‌ಸಿಟಿಸಿ ಐಡಿಯಿಂದ ಬೇರೆಯವರಿಗೆ ದುಡ್ಡು ತೆಗೆದುಕೊಂಡು ಟಿಕೆಟ್ ಮಾಡಿಕೊಡುವುದು ಅಪರಾಧ. ರೈಲ್ವೆ ಕಾಯ್ದೆಯ 143ನೇ ಕಲಂ ಪ್ರಕಾರ ಜೈಲಿಗೂ ಹೋಗಬಹುದು. ಅಧಿಕೃತ ಏಜೆಂಟ್ ಆದರೂ, 2025ರ ಜುಲೈಯಿಂದ ತತ್ಕಾಲ್ ತೆರೆದ ಮೊದಲ ಅರ್ಧ ಗಂಟೆ ಏಜೆಂಟರಿಗೆ ಬಾಗಿಲು ಮುಚ್ಚಿರುತ್ತದೆ. ಅಷ್ಟರಲ್ಲಿ ಸೀಟು ಉಳಿದಿದ್ದರೆ ನಮ್ಮ ಪುಣ್ಯ. ಅದಕ್ಕೇ ನಾನು ರೈಲಿಗೆ ಕೈ ಹಾಕಲಿಲ್ಲ.

ನನಗೆ ನಿಜವಾಗಿ ನಾಲ್ಕು ಕಾಸು ಸಿಕ್ಕಿದ್ದು ಧರ್ಮಸ್ಥಳ, ಕುಕ್ಕೆ, ಹೊರನಾಡು, ಶೃಂಗೇರಿ ಕಡೆಯ ಟಿಟಿ ಟ್ರಿಪ್ಪುಗಳಿಂದ. ಹನ್ನೆರಡು ಸೀಟಿನ ಟೆಂಪೋ ಟ್ರಾವೆಲರ್, ಒಂದೇ ಕುಟುಂಬ, ಮೂರು ದಿನ. ಜಗಳಗಳೂ ಇಲ್ಲೇ ಹುಟ್ಟುವುದು. ಗಾಡಿಯವರು ದಿನಕ್ಕೆ ಕನಿಷ್ಠ 300 ಕಿಲೋಮೀಟರ್ ಅಂತ ಲೆಕ್ಕ ಹಾಕುತ್ತಾರೆ, ನೀವು ನೂರೇ ಓಡಿಸಿದರೂ ಅಷ್ಟೇ. ಕಿಲೋಮೀಟರ್ ಎಣಿಸುವುದು ಗಿರಾಕಿಯ ಮನೆಯಿಂದಲ್ಲ, ಗಾಡಿ ಶೆಡ್ ಬಿಟ್ಟಲ್ಲಿಂದ ಮತ್ತೆ ಶೆಡ್ ಸೇರುವವರೆಗೆ. ಡ್ರೈವರ್ ಬಾಟಾ (ಅವನ ದಿನದ ಭತ್ಯೆ), ಟೋಲ್, ಪಾರ್ಕಿಂಗ್ ಬೇರೆ. ಇದನ್ನೆಲ್ಲ ಮೊದಲೇ ಬರೆದು ಕೊಡದಿದ್ದರೆ ವಾಪಸ್ ಬರುವಾಗ ನೈಸ್ ರಸ್ತೆಯ ಟೋಲ್ ಹತ್ತಿರ ನಿಮಗೆ ಫೋನ್ ಬರುವುದು ಖಂಡಿತ.

ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಚಾರ್ಮಾಡಿ ಮೇಲೆ ಹೋಗಬೇಕು. ಕಿಲೋಮೀಟರ್ ಜಾಸ್ತಿ ಆದರೆ ಅದನ್ನು ಯಾರು ಕೊಡಬೇಕು ಅನ್ನುವುದನ್ನೂ ಬರೆದಿಡುತ್ತೇನೆ. ಕುಕ್ಕೆಯಲ್ಲಿ ಸರ್ಪ ಸಂಸ್ಕಾರ ಮಾಡಿಸುವವರಿಗೆ ಎರಡು ದಿನ ಅಲ್ಲೇ ಇರಬೇಕಾಗುತ್ತದೆ. ಇದು ಗೊತ್ತಿಲ್ಲದೆ ಒಂದೇ ರಾತ್ರಿಗೆ ರೂಮು ಕೇಳುತ್ತಾರೆ. ‘ಪೂಜೆ ಏನಾದ್ರೂ ಇದೆಯಾ ಅಮ್ಮ?’ ಅಂತ ನಾನೇ ಕೇಳುತ್ತೇನೆ. ಜನ ನನ್ನ ಹತ್ತಿರ ತಿರುಗಿ ಬರುವುದು ಇಂಥ ಒಂದು ಪ್ರಶ್ನೆಗೇ ಹೊರತು ನೂರು ರೂಪಾಯಿ ಕಮ್ಮಿಗಲ್ಲ.

ವಿದೇಶಕ್ಕೆ ಹೋಗುವವರಾದರೆ ದರ ಹೇಳುವ ಮುಂಚೆ ಪಾಸ್‌ಪೋರ್ಟಿನ ಫೋಟೋ ತರಿಸಿಕೊಳ್ಳಿ. ನಮ್ಮ ಕಡೆಯವರ ಹೆಸರಿನದೇ ಒಂದು ರಾಮಾಯಣ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪ್ಯಾನ್‌ನಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡಲು ಯುಎಇ 2022ರ ನವೆಂಬರ್‌ನಲ್ಲಿ ತಕರಾರು ತೆಗೆದಾಗ ಸಿಕ್ಕಿಹಾಕಿಕೊಂಡವರಲ್ಲಿ ದಕ್ಷಿಣದವರು ಕಮ್ಮಿ ಇರಲಿಲ್ಲ. ಪಾಸ್‌ಪೋರ್ಟ್ ಆರು ತಿಂಗಳಾದರೂ ಚಾಲ್ತಿಯಲ್ಲಿರಬೇಕು ಅನ್ನುವುದನ್ನೂ ಆಗಲೇ ನೋಡಿಬಿಡಿ. ಟಿಕೆಟ್ ಕಳಿಸುವಾಗ ಯಾವ ಟರ್ಮಿನಲ್ ಅಂತ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ 2023ರ ಸೆಪ್ಟೆಂಬರ್‌ನಿಂದ ವಿದೇಶದ ವಿಮಾನಗಳು ಎರಡನೇ ಟರ್ಮಿನಲ್‌ಗೆ (ಟಿ2) ಹೋಗಿವೆ. ದೇಶದೊಳಗಿನವು ಕಂಪನಿಗೆ ತಕ್ಕಂತೆ ಎರಡೂ ಕಡೆ ಇವೆ. ಕತ್ರಿಗುಪ್ಪೆಯಿಂದ ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಕೂತು ಬಂದವರು ತಪ್ಪು ಟರ್ಮಿನಲ್‌ನಲ್ಲಿ ಇಳಿದರೆ ಬೈಗುಳ ಬರುವುದು ನನಗೇ.

ಹೋದ ತಿಂಗಳು ನನ್ನ ನಾದಿನಿ ಸಿಂಗಾಪುರಕ್ಕೆ ಟಿಕೆಟ್ ಕೇಳಿದಳು. ಅದೇ ಎಸ್ಟಿಮೇಟ್ ಕಳಿಸಿದೆ, ಸರ್ವಿಸ್ ಚಾರ್ಜ್ ಸಾಲಿನ ಸಮೇತ. ಎರಡು ದಿನ ಬರೀ ನೀಲಿ ಟಿಕ್, ಉತ್ತರ ಇಲ್ಲ. ಅತ್ತೆಯೂ ಕಾಫಿ ಕುಡಿಯುತ್ತಾ ಏನೋ ಗೊಣಗಿದರು. ಮೂರನೇ ದಿನ ದುಡ್ಡು ಬಂತು. ಸರ್ವಿಸ್ ಚಾರ್ಜಿನಲ್ಲಿ ಐವತ್ತು ರೂಪಾಯಿ ಮುರಿದುಕೊಂಡಿದ್ದಳು. ಸುಮ್ನೆ ಟಿಕೆಟ್ ಮಾಡಿಕೊಟ್ಟೆ.