ಟ್ರಾವೆಲ್ ಟ್ರೇಲರ್‌ಗೆ ವಿಸ್ತರಿತ ವಾರಂಟಿ: ಸಹಿ ಹಾಕುವ ಮುನ್ನ ನೋಡಬೇಕಾದ್ದೇನು?

ಬೇರೆ ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆಯಾದ ಟ್ರಾವೆಲ್ ಟ್ರೇಲರ್ ಕೊಳ್ಳುವವರ ಮುಂದೆ ವಿಸ್ತರಿತ ವಾರಂಟಿಯ ಕಾಗದ ಬರುವುದು ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ. ಗಾಡಿಯನ್ನು ಆರಿಸಿ, ಬೆಲೆಯ ಚೌಕಾಸಿ ಮುಗಿಸಿ, ಸಾಲದ ಪತ್ರಗಳಿಗೆ ಸಹಿ ಹಾಕಿ ದಣಿದಿರುವ ಹೊತ್ತಿನಲ್ಲಿ ಡೀಲರ್‌ನ ಹಣಕಾಸು ವಿಭಾಗದವರು ‘ತಿಂಗಳ ಕಂತಿಗೆ ಇಷ್ಟೇ ಸೇರುತ್ತದೆ’ ಎನ್ನುತ್ತಾ ಇನ್ನೊಂದು ಹಾಳೆಯನ್ನು ಮುಂದಿಡುತ್ತಾರೆ. ಆಗ ತೀರ್ಮಾನ ಮಾಡಬಾರದು. ಇಂಥ ಒಪ್ಪಂದಗಳು ಡೀಲರ್ ಅಲ್ಲದೆ ಬೇರೆಡೆಯೂ ಸಿಗುತ್ತವೆ. ಗಾಡಿ ಕೊಂಡ ಕೆಲವು ತಿಂಗಳ ನಂತರವೂ ಸಿಗುತ್ತವೆ. ಆದ್ದರಿಂದ ಬಣ್ಣದ ಕರಪತ್ರವನ್ನಲ್ಲ, ಒಪ್ಪಂದದ ಪೂರ್ಣ ಪ್ರತಿಯನ್ನೇ ಕೇಳಿ ಪಡೆದು, ಮನೆಯಲ್ಲಿ ಕುಳಿತು ಓದುವುದು ಮೊದಲ ಹೆಜ್ಜೆ. ಪ್ರತಿ ಕೊಡಲು ಹಿಂದೆಮುಂದೆ ನೋಡುವವರಿಂದ ಕೊಳ್ಳದಿರುವುದೇ ಒಳ್ಳೆಯದು.

ಓದಲು ಕುಳಿತಾಗ ಮೊದಲು ನೋಡಬೇಕಾದದ್ದು ಮಾತು ಕೊಡುತ್ತಿರುವವರು ಯಾರು ಎಂಬುದನ್ನು. ತಯಾರಕರ ವಾರಂಟಿ ಗಾಡಿಯ ಬೆಲೆಯಲ್ಲೇ ಸೇರಿರುತ್ತದೆ. ವಿಸ್ತರಿತ ವಾರಂಟಿಯಾದರೋ ಬಹಳ ಸಲ ಬೇರೊಂದು ಸಂಸ್ಥೆ ಹಣ ಪಡೆದು ಮಾಡಿಕೊಳ್ಳುವ ಸೇವಾ ಒಪ್ಪಂದ. ಆ ಸಂಸ್ಥೆ ಮುಚ್ಚಿಹೋದರೆ ಕ್ಲೇಮ್ ತೀರಿಸುವವರು ಯಾರು, ಅದರ ಹಿಂದೆ ವಿಮಾ ಕಂಪನಿಯೊಂದು ಇದೆಯೇ ಎಂಬ ವಿವರ ಒಪ್ಪಂದದಲ್ಲಿ ಹೆಸರಿನ ಸಮೇತ ಇರಬೇಕು. ಅಮೆರಿಕದಲ್ಲಿ ಕೊಳ್ಳುವವರಿಗೆ 1975ರ ಮ್ಯಾಗ್ನಸನ್–ಮಾಸ್ ವಾರಂಟಿ ಕಾಯ್ದೆಯ ಒಂದು ಅಂಶ ಗೊತ್ತಿರಬೇಕು: ಮಾರಾಟದ ಸಮಯದಲ್ಲಿ ಅಥವಾ ಅದಾಗಿ 90 ದಿನಗಳೊಳಗೆ ಮಾರಾಟಗಾರನೇ ಗ್ರಾಹಕನೊಂದಿಗೆ ಸೇವಾ ಒಪ್ಪಂದ ಮಾಡಿಕೊಂಡರೆ, ವಸ್ತುವಿನ ಗುಣಮಟ್ಟದ ಬಗ್ಗೆ ಕಾನೂನು ತಾನಾಗಿ ಕೊಡುವ ಭರವಸೆಯನ್ನು ಆತ ನಿರಾಕರಿಸುವಂತಿಲ್ಲ.

ಟ್ರೇಲರ್‌ನಲ್ಲಿ ಕೆಡುವುದೇನು?

ಟ್ರೇಲರ್‌ಗೆ ಎಂಜಿನ್ ಇಲ್ಲ, ಗೇರ್‌ಬಾಕ್ಸ್ ಇಲ್ಲ. ತನ್ನದೇ ಎಂಜಿನ್‌ನಿಂದ ಓಡುವ ಮನೆಗಾಡಿಯಾದ ಮೋಟರ್‌ಹೋಮ್‌ನಲ್ಲಿ ಅತಿ ಹೆಚ್ಚು ಖರ್ಚು ತರುವ ಎರಡು ಭಾಗಗಳೇ ಇಲ್ಲಿಲ್ಲದಿರುವುದರಿಂದ, ಮೋಟರ್‌ಹೋಮ್ ಇರುವವರು ಕೊಡುವ ಸಲಹೆಯನ್ನು ಹಾಗೆಯೇ ಒಪ್ಪಿಕೊಳ್ಳಬೇಕಾಗಿಲ್ಲ. ಇಲ್ಲಿ ಕೆಡುವುದು ಏರ್ ಕಂಡೀಷನರ್, ಫ್ರಿಜ್, ಒಳಗನ್ನು ಬೆಚ್ಚಗಿಡುವ ಫರ್ನೇಸ್, ವಾಟರ್ ಹೀಟರ್, ನೀರಿನ ಪಂಪು, ವಿದ್ಯುತ್ ಕನ್ವರ್ಟರ್, ಗೋಡೆಯ ಭಾಗವನ್ನು ಹೊರಕ್ಕೆ ಚಾಚುವ ಸ್ಲೈಡ್-ಔಟ್‌ನ ಮೋಟಾರು ಮತ್ತು ಕೆಳಗಿನ ಆಕ್ಸಲ್, ಬ್ರೇಕ್, ಬೇರಿಂಗ್‌ಗಳು. ನಿಮ್ಮ ಗಾಡಿಯಲ್ಲಿ ಇವುಗಳಲ್ಲಿ ಯಾವ್ಯಾವುವು ಇವೆಯೋ ಅವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಪ್ರತಿಯೊಂದರ ಮುಂದೆ ತಯಾರಕರ ವಾರಂಟಿ ಎಂದಿಗೆ ಮುಗಿಯುತ್ತದೆಂದು ನಮೂದಿಸಿ. ಗಾಡಿಯ ವಾರಂಟಿ ಸಾಮಾನ್ಯವಾಗಿ ಒಂದು ವರ್ಷದ್ದಾದರೂ, ಒಳಗಿನ ಉಪಕರಣಗಳಿಗೆ ಅವುಗಳ ತಯಾರಕರೇ ಪ್ರತ್ಯೇಕ ವಾರಂಟಿ ಕೊಡುವುದುಂಟು. ಸ್ಲೈಡ್-ಔಟ್ ಇಲ್ಲದ, ಕಡಿಮೆ ಉಪಕರಣಗಳಿರುವ ಸಣ್ಣ ಟ್ರೇಲರ್‌ಗೆ ಈ ಪಟ್ಟಿ ಎಷ್ಟು ಚಿಕ್ಕದಾಗುತ್ತದೆಂದರೆ, ಬಹಳ ಜನರ ವಿಚಾರ ಅಲ್ಲಿಗೇ ಮುಗಿಯಬಹುದು.

ಇನ್ನು ಒಪ್ಪಂದದ ಅತಿ ಮುಖ್ಯ ಪುಟ ಯಾವುದೆಂದರೆ ‘ಒಳಗೊಳ್ಳದವು’ ಎಂಬ ಪಟ್ಟಿ. ಕೆಲವು ಒಪ್ಪಂದಗಳು ರಕ್ಷಣೆ ಇರುವ ಭಾಗಗಳನ್ನಷ್ಟೇ ಹೆಸರಿಸುತ್ತವೆ. ಅಲ್ಲಿ ಹೆಸರಿಲ್ಲದ ಬಿಡಿಭಾಗ ಕೆಟ್ಟರೆ ದುಡ್ಡಿಲ್ಲ. ಇನ್ನು ಕೆಲವು ರಕ್ಷಣೆ ಇಲ್ಲದವನ್ನು ಹೆಸರಿಸಿ, ಉಳಿದದ್ದೆಲ್ಲ ಸೇರಿದೆ ಎನ್ನುತ್ತವೆ. ಬೆಲೆ ಹೆಚ್ಚಾದರೂ ಎರಡನೆಯ ಬಗೆಯೇ ಮೇಲು. ಟೈರು, ಬ್ಯಾಟರಿ, ಪರದೆ, ಪೀಠೋಪಕರಣಗಳು ಎರಡರಲ್ಲೂ ಸಾಮಾನ್ಯವಾಗಿ ಹೊರಗೇ ಉಳಿಯುತ್ತವೆ. ಅದು ದೊಡ್ಡ ವಿಷಯವಲ್ಲ. ದೊಡ್ಡ ವಿಷಯ ನೀರು.

ಟ್ರೇಲರ್‌ನ ಆಯುಷ್ಯವನ್ನು ಕಡಿಮೆ ಮಾಡುವುದರಲ್ಲಿ ಸೋರಿಕೆಗೆ ಸಮನಾದದ್ದು ಇನ್ನೊಂದಿಲ್ಲ. ಚಾವಣಿಯ ಗಾಳಿಕಿಂಡಿ, ಏರ್ ಕಂಡೀಷನರ್, ಅಂಚುಗಳ ಸುತ್ತ ಸಂದು ಮುಚ್ಚಲು ಬಳಿದಿರುವ ಸೀಲಂಟ್ ಬಿಸಿಲಿಗೆ ಒಣಗಿ ಬಿರಿಯುತ್ತದೆ. ಕೂದಲೆಳೆಯಷ್ಟು ಬಿರುಕಿನಿಂದ ಇಳಿದ ಮಳೆನೀರು ಪ್ಲೈವುಡ್ಡನ್ನು ಕೊಳೆಸುತ್ತದೆ, ಹೊರಗೋಡೆಯ ಫೈಬರ್‌ಗ್ಲಾಸ್ ಹಾಳೆ ಒಳಪದರದಿಂದ ಬಿಟ್ಟುಕೊಂಡು ಉಬ್ಬುತ್ತದೆ. ಮೂಲೆಯಲ್ಲಿ ಬೆರಳಿಂದ ಒತ್ತಿದಾಗ ಮೆತ್ತಗೆ ತಗ್ಗಿದರೆ ಒಳಗಿನ ಮರ ಆಗಲೇ ಹೋಗಿದೆಯೆಂದೇ ತಿಳಿಯಬೇಕು. ಇದರ ದುರಸ್ತಿ ಫ್ರಿಜ್ ಬದಲಿಸುವುದಕ್ಕಿಂತ ಎಷ್ಟೋ ದುಬಾರಿ. ಆದರೆ ಬಹುಪಾಲು ವಿಸ್ತರಿತ ಒಪ್ಪಂದಗಳು ನೀರಿನ ಹಾನಿ, ಕೊಳೆತ, ಸೀಲಂಟ್ ವೈಫಲ್ಯಗಳನ್ನು ಸ್ಪಷ್ಟವಾಗಿ ಹೊರಗಿಡುತ್ತವೆ. ಗಾಡಿಗೆ ಎದುರಾಗುವ ಅತಿ ದೊಡ್ಡ ಅಪಾಯಕ್ಕೆ ಈ ಕಾಗದ ನೆರವಾಗುವುದಿಲ್ಲ ಎಂಬುದನ್ನು ಮನಗಂಡ ಮೇಲೆಯೇ ಅದರ ಬೆಲೆಯ ಮಾತಿಗೆ ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮುಂದೆ ಷರತ್ತುಗಳು. ‘ಸವೆತ’ದಿಂದ ಕೆಟ್ಟದ್ದಕ್ಕೂ ರಕ್ಷಣೆ ಇದೆಯೇ ಅಥವಾ ಹಠಾತ್ತನೆ ನಿಂತುಹೋದರೆ ಮಾತ್ರವೇ ಎಂದು ಕೇಳಿ. ಗಾಡಿಯಲ್ಲೇ ವರ್ಷಪೂರ್ತಿ ವಾಸಿಸುವವರನ್ನು, ಅದನ್ನು ಬಾಡಿಗೆಗೆ ಕೊಡುವವರನ್ನು ಹಲವು ಒಪ್ಪಂದಗಳು ಹೊರಗಿಡುತ್ತವೆ. ತಪ್ಪು ಬಳಕೆ ಎಂಬ ಕಾರಣಕ್ಕೆ ಕ್ಲೇಮ್ ಹೇಗೆ ತಿರಸ್ಕೃತವಾಗಬಹುದೆಂಬುದಕ್ಕೆ ಅನಿಲದಿಂದ ನಡೆಯುವ ಫ್ರಿಜ್ ಒಳ್ಳೆಯ ಉದಾಹರಣೆ. ಅದರಲ್ಲಿ ಅಮೋನಿಯಾ ದ್ರಾವಣ ಗುರುತ್ವದಿಂದಲೇ ಹರಿಯಬೇಕಾದ್ದರಿಂದ, ಗಾಡಿಯನ್ನು ಓರೆಯಾಗಿ ನಿಲ್ಲಿಸಿ ಬಹಳ ಹೊತ್ತು ಚಾಲನೆಯಲ್ಲಿಟ್ಟರೆ ದ್ರವ ಹರಿಯದೆ ನಿಂತು, ಬಾಯ್ಲರ್ ಅತಿಯಾಗಿ ಕಾದು, ಕೊಳವೆ ಒಳಗೇ ಕಟ್ಟಿಕೊಳ್ಳುತ್ತದೆ. ಆಮೇಲೆ ಶೈತ್ಯಘಟಕವನ್ನೇ ಬದಲಿಸಬೇಕು. ಅಂಥ ಸಂದರ್ಭದಲ್ಲಿ ಪರಿಶೀಲನೆಗೆ ಬಂದವರು ಇದು ಉಪಕರಣದ ದೋಷವಲ್ಲ ಎಂದು ಬರೆದರೆ ವಾದಿಸುವುದು ಕಷ್ಟ.

ದುರಸ್ತಿಗೆ ಮೊದಲೇ ಅನುಮತಿ ಪಡೆಯಬೇಕೆಂಬ ನಿಯಮ ಬಹುತೇಕ ಎಲ್ಲ ಒಪ್ಪಂದಗಳಲ್ಲಿದೆ. ದೋಷ ಹುಡುಕಲು ಬಿಚ್ಚಿದ ಕೂಲಿಯನ್ನು ಯಾರು ಕೊಡುತ್ತಾರೆ, ಗಂಟೆಯ ಕೂಲಿಗೆ ಮಿತಿ ಇದೆಯೇ, ಗಾಡಿ ನಿಂತಲ್ಲಿಗೇ ಬರುವ ಮೆಕ್ಯಾನಿಕ್‌ನ ಬಿಲ್ಲು ಒಪ್ಪಿಗೆಯಾಗುತ್ತದೆಯೇ, ಪ್ರತಿ ದುರಸ್ತಿಯಲ್ಲಿ ನೀವು ಭರಿಸಬೇಕಾದ ಮೊತ್ತ ಭೇಟಿಗೆ ಒಂದು ಸಲವೋ ಕೆಟ್ಟ ಪ್ರತಿ ಭಾಗಕ್ಕೂ ಬೇರೆಯೋ ಎಂಬ ಪ್ರಶ್ನೆಗಳಿಗೆ ಬರಹದಲ್ಲೇ ಉತ್ತರ ಪಡೆಯಿರಿ. ಒಂದೇ ಭೇಟಿಯಲ್ಲಿ ಮೂರು ಭಾಗ ದುರಸ್ತಿಯಾದರೆ ಈ ಕೊನೆಯ ಪ್ರಶ್ನೆಯೊಂದೇ ಲೆಕ್ಕವನ್ನು ತಲೆಕೆಳಗು ಮಾಡಬಲ್ಲದು.

ಲೆಕ್ಕ

ಉದಾಹರಣೆಗೆ, ಐದು ವರ್ಷದ ಒಪ್ಪಂದಕ್ಕೆ 3,000 ಡಾಲರ್ ಕೇಳಿದ್ದಾರೆನ್ನೋಣ. ಅವಧಿ ಗಾಡಿ ಕೊಂಡ ದಿನದಿಂದಲೇ ಶುರುವಾಗುವುದಾದರೆ ಮೊದಲ ವರ್ಷ ತಯಾರಕರ ವಾರಂಟಿಯೇ ಇರುವುದರಿಂದ, ನಿಮಗೆ ನಿಜವಾಗಿ ಸಿಕ್ಕುವುದು ನಾಲ್ಕು ವರ್ಷ. ಅಂದರೆ ವರ್ಷಕ್ಕೆ 750 ಡಾಲರ್. ಅದೇ ಮೊತ್ತವನ್ನು ಶೇ 8 ಬಡ್ಡಿಯ ಹತ್ತು ವರ್ಷದ ಸಾಲಕ್ಕೆ ಸೇರಿಸಿದರೆ ತಿಂಗಳಿಗೆ ಸುಮಾರು 36 ಡಾಲರ್ ಎಂದು ಸಣ್ಣದಾಗಿ ಕಾಣುತ್ತದೆ, ಆದರೆ ಒಟ್ಟು ಕಟ್ಟುವುದು ಸುಮಾರು 4,370 ಡಾಲರ್. ಒಪ್ಪಂದ ಮುಗಿದ ಮೇಲೂ ಇನ್ನೈದು ವರ್ಷ ಅದರ ಕಂತು ಮುಂದುವರಿಯುತ್ತಿರುತ್ತದೆ. ಈ ಮೊತ್ತವನ್ನು ನೀವು ಬರೆದಿಟ್ಟ ಪಟ್ಟಿಯ ಪಕ್ಕದಲ್ಲಿಟ್ಟು, ಹತ್ತಿರದ ದುರಸ್ತಿ ಕೇಂದ್ರದಲ್ಲಿ ಫ್ರಿಜ್, ಏರ್ ಕಂಡೀಷನರ್, ಸ್ಲೈಡ್-ಔಟ್ ಮೋಟಾರಿನ ಬದಲಾವಣೆಗೆ ಆಗುವ ಖರ್ಚು ವಿಚಾರಿಸಿ ಹೋಲಿಸಿ. ಎರಡು ದೊಡ್ಡ ಉಪಕರಣ ಕೆಟ್ಟರೂ ಲೆಕ್ಕ ಸರಿಹೋಗದಿದ್ದರೆ, ಅಷ್ಟೇ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಇಡುತ್ತಾ ಬರುವುದು ಉತ್ತಮ; ಅದು ನೀರಿನ ಸೋರಿಕೆಗೂ ಆಗುತ್ತದೆ, ಟೈರಿಗೂ ಆಗುತ್ತದೆ. ಹಠಾತ್ತನೆ ಬರುವ ದೊಡ್ಡ ಬಿಲ್ಲನ್ನು ಭರಿಸಲು ಕೈಯಲ್ಲಿ ಉಳಿತಾಯವೇ ಇಲ್ಲದವರಿಗೆ, ಅನೇಕ ಉಪಕರಣಗಳಿರುವ ದೊಡ್ಡ ಟ್ರೇಲರನ್ನು ವರ್ಷದಲ್ಲಿ ಬಹುಕಾಲ ರಸ್ತೆಯ ಮೇಲಿಡುವವರಿಗೆ ಒಪ್ಪಂದ ಉಪಯುಕ್ತವಾಗಬಹುದು. ಅಂಥವರು ಹೇಳಿದ ಬೆಲೆಗೆ ಒಪ್ಪದೆ ಚೌಕಾಸಿ ಮಾಡಬೇಕು, ಏಕೆಂದರೆ ಅದರಲ್ಲಿ ಡೀಲರ್‌ನ ಲಾಭವೂ ಸೇರಿರುತ್ತದೆ.

ಕೊಂಡವರು ಮಾಡಬೇಕಾದ ಕೆಲಸ ಇನ್ನೂ ಇದೆ. ಹಲವು ತಯಾರಕರ ಕೈಪಿಡಿಗಳು ಸುಮಾರು 90 ದಿನಗಳಿಗೊಮ್ಮೆ ಸೀಲಂಟ್ ಪರೀಕ್ಷಿಸಲು ಹೇಳುತ್ತವೆ. ಆ ಪರೀಕ್ಷೆಯ ದಿನಾಂಕವಿರುವ ಫೋಟೊ, ಬೇರಿಂಗ್‌ಗೆ ಗ್ರೀಸ್ ಹಾಕಿಸಿದ ರಸೀದಿಗಳನ್ನೆಲ್ಲ ಒಂದೇ ಕಡತದಲ್ಲಿಡಿ, ಏಕೆಂದರೆ ನಿರ್ವಹಣೆಯ ಪುರಾವೆ ಇಲ್ಲವೆಂಬ ಕಾರಣಕ್ಕೂ ಕ್ಲೇಮ್ ತಿರಸ್ಕರಿಸಲು ಅವಕಾಶವಿರುತ್ತದೆ. ಗಾಡಿ ಮಾರುವಾಗ ಒಪ್ಪಂದವನ್ನು ಹೊಸ ಮಾಲೀಕರಿಗೆ ವರ್ಗಾಯಿಸಬಹುದೇ, ನಡುವೆ ರದ್ದುಪಡಿಸಿದರೆ ಉಳಿದ ಅವಧಿಯ ಹಣ ಯಾವ ಲೆಕ್ಕದಲ್ಲಿ ಮರಳುತ್ತದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಒಪ್ಪಂದದ ಹಣ ಸಾಲದಲ್ಲೇ ಸೇರಿದ್ದರೆ, ಮರಳುವ ಮೊತ್ತ ಸಾಮಾನ್ಯವಾಗಿ ನಿಮ್ಮ ಕೈಗೆ ಬರದೆ ಸಾಲ ಕೊಟ್ಟವರಿಗೆ ಹೋಗಿ ಬಾಕಿಯಲ್ಲಿ ಕಳೆಯುತ್ತದೆ; ತಿಂಗಳ ಕಂತು ಮಾತ್ರ ಮೊದಲಿನಷ್ಟೇ ಉಳಿಯುವುದುಂಟು.